ಉರಿಯುವ ಮುಖಕ್ಕೆ ಎಂಥ ಸಾಬೂನು?



ಬಿತ್ತನೆ ಬೀಜ, ಗೊಬ್ಬರ, ಸಾಲು ನಾಟಿ, ಕೊಟ್ಟಿಗೆಯ ಚೊಕ್ಕಟ, ಇವು ಈ ಪುಟದಲ್ಲಿ ಬರತಕ್ಕ ಮಾತುಗಳು. ಅದನ್ನೆಲ್ಲ ಬಿಟ್ಟು ಗ್ರಾಮಸೇವಕನು ಮುಖ ತೊಳೆಯುವ ವಿಷಯಕ್ಕೆ ಏಕೆ ಬಂದನೆಂದು ತಾವು ನಗಬಹುದು. ನಗಿರಿ. ಆದರೆ ಕಳೆದ ಬೇಸಿಗೆಯಲ್ಲಿ ಮಣ್ಣಿನ ಮಾದರಿ ತಂದುಕೊಟ್ಟವರ ಪೈಕಿ ಹಲವರು, ಹೊಲದ ಮಾತು ಮುಗಿದ ಮೇಲೆ, ಮೆಲ್ಲಗೆ ತಮ್ಮ ಕೆನ್ನೆ ತೋರಿಸಿ “ಇದಕ್ಕೇನಾದರೂ ಉಂಟೇ ಸ್ವಾಮಿ?” ಎಂದು ಕೇಳಿದರು. ಮುಖ ಬಿಗಿಯುತ್ತದೆ, ಬೆವರು ತಾಗಿದರೆ ಚುರುಚುರು ಎನ್ನುತ್ತದೆ, ಹುಬ್ಬಿನ ಬಳಿ, ಮೂಗಿನ ಪಕ್ಕ ಸಿಪ್ಪೆ ಏಳುತ್ತದೆ. ಕಳೆ ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದ ಒಬ್ಬ ತಾಯಿ ಈ ಉರಿಯಿಂದಾಗಿ ಬಿಸಿಲಿಗಿಳಿಯುವುದನ್ನೇ ಬಿಟ್ಟು ಒಂದು ತಿಂಗಳ ಕೂಲಿ ಕಳೆದುಕೊಂಡಿದ್ದರು.

ನಾನು ವೈದ್ಯನಲ್ಲ, ಕೃಷಿ ಡಿಪ್ಲೊಮಾ ಓದಿದವನು. ಔಷಧಿ ಹೇಳುವ ಅಧಿಕಾರ ನನಗಿಲ್ಲ. ಆದರೆ ಬಂದವರನ್ನೆಲ್ಲ ಒಂದು ಪ್ರಶ್ನೆ ಕೇಳಿದೆ: “ಮುಖವನ್ನು ಯಾವುದರಿಂದ ತೊಳೆಯುತ್ತೀರಿ?” ಹೆಚ್ಚಿನವರ ಉತ್ತರ ಒಂದೇ. ಪಂಪುಸೆಟ್ಟಿನ ತೊಟ್ಟಿಯ ಮೇಲೆ ಇಟ್ಟಿರುವ ಬಟ್ಟೆ ಒಗೆಯುವ ಬಾರಿನ ತುಂಡು! ಕೈಗೂ ಅದೇ, ಕಾಲಿಗೂ ಅದೇ, ಮುಖಕ್ಕೂ ಅದೇ. ಅವರನ್ನು ಆಕ್ಷೇಪಿಸುವ ಯೋಗ್ಯತೆ ನನಗಿಲ್ಲ. ಎರಡು ವರ್ಷದ ಹಿಂದೆ ನಾನೂ ಅದನ್ನೇ ಮಾಡುತ್ತಿದ್ದೆ.

ಮೊದಲು ಚರ್ಮದ ರಚನೆಯನ್ನು ತಿಳಿಯೋಣ. ನಮ್ಮ ಚರ್ಮದ ತೀರ ಹೊರಗಿನ ಪದರವು ಸತ್ತ ಕಣಗಳಿಂದಾದದ್ದು. ಸತ್ತದ್ದೆಂದು ತಾತ್ಸಾರ ಬೇಡ. ಇಟ್ಟಿಗೆ ಗೋಡೆಯಂತೆ ಆ ಕಣಗಳು ಒಂದರ ಮೇಲೊಂದು, ಸುಮಾರು 15 ಸಾಲು ಕೂತಿರುತ್ತವೆ. ಇಟ್ಟಿಗೆಗಳ ನಡುವಿನ ಗಾರೆಯ ಜಾಗದಲ್ಲಿ ಒಂದು ಬಗೆಯ ಮೇಣದಂಥ ಕೊಬ್ಬು ಇರುತ್ತದೆ. ಒಳಗಿನ ನೀರು ಆವಿಯಾಗಿ ಹೋಗದಂತೆ, ಹೊರಗಿನ ಧೂಳು ವಿಷ ಒಳಕ್ಕೆ ಇಳಿಯದಂತೆ ತಡೆಯುವುದು ಈ ಗೋಡೆಯೇ. ಇಷ್ಟೆಲ್ಲ ಕೆಲಸ ಮಾಡುವ ಈ ಗೋಡೆ ತಾವು ಕೈಯಲ್ಲಿ ಹಿಡಿದಿರುವ ಈ ಕಾಗದಕ್ಕಿಂತ ಬಹಳ ತೆಳುವಾದದ್ದು. ಕಣ್ಣಿನ ರೆಪ್ಪೆಯ ಮೇಲಂತೂ ಇನ್ನೂ ತೆಳು. ಕೆಲವರಲ್ಲಿ ಈ ಗಾರೆ ಹುಟ್ಟಿನಿಂದಲೇ ಸಡಿಲ. ಕೆಲವರಲ್ಲಿ ಬಿಸಿಲು, ಒಣಗಾಳಿ, ಬಿರುಸಾದ ಸಾಬೂನು, ಕಂಡಕಂಡ ಮುಲಾಮು ಸೇರಿ ಅದನ್ನು ಸಡಿಲಗೊಳಿಸುತ್ತವೆ. ಆಗ ಬೇರೆಯವರಿಗೆ ಏನೂ ಎನಿಸದ ನೀರು, ಗಾಳಿ ಸಹ ಅವರಿಗೆ ಉರಿಯೆನಿಸುತ್ತದೆ. ಇದನ್ನೇ ಸೂಕ್ಷ್ಮ ಚರ್ಮ ಎನ್ನುತ್ತಾರೆ. ಇದು ಪೇಟೆಯವರ ನಾಜೂಕು ಎಂಬ ಭಾವನೆ ತಪ್ಪು. ಹೊಲದಲ್ಲಿ ದುಡಿಯುವವನ ಮುಖಕ್ಕೆ ಬಿಸಿಲು ಧೂಳು ತಾಗುವಷ್ಟು ಪೇಟೆಯವನ ಮುಖಕ್ಕೆ ತಾಗುವುದಿಲ್ಲ.

ಇನ್ನು ಸಾಬೂನಿನ ಮಾತು. ಎಣ್ಣೆ ಅಥವಾ ಕೊಬ್ಬಿಗೆ ಕಾಸ್ಟಿಕ್ ಸೋಡವೆಂಬ ಕಟು ಕ್ಷಾರವನ್ನು ಬೆರೆಸಿದರೆ ಸಾಬೂನಾಗುತ್ತದೆ. ಸಾಬೂನಿನ ಕಣಕ್ಕೆ ಒಂದು ತಲೆ, ಒಂದು ಬಾಲ. ತಲೆಗೆ ನೀರು ಪ್ರಿಯ, ಬಾಲಕ್ಕೆ ಜಿಡ್ಡು ಪ್ರಿಯ. ಬಾಲಗಳೆಲ್ಲ ಸೇರಿ ಜಿಡ್ಡನ್ನು ಕಚ್ಚಿಕೊಳ್ಳುತ್ತವೆ, ತಲೆಗಳು ಅದನ್ನು ನೀರಿನೊಡನೆ ಎಳೆದೊಯ್ಯುತ್ತವೆ. ಇದು ತಮಗೆ ಹೊಸ ಸಂಗತಿಯಲ್ಲ. ದಾಸವಾಳಕ್ಕೋ ಹತ್ತಿಗೋ ಹಿಟ್ಟು ತಿಗಣೆ ಬಿದ್ದಾಗ ಸಾಬೂನಿನ ನೀರು ಸಿಂಪಡಿಸುವುದಿಲ್ಲವೇ? ಆ ಹುಳುವಿನ ಮೈಮೇಲಿನ ಬಿಳಿಯ ಮೇಣವನ್ನು ಸಾಬೂನು ತೊಳೆದುಹಾಕುತ್ತದೆ, ಹುಳುವಿನ ಮೈಯ ನೀರು ಆರಿ ಅದು ಸಾಯುತ್ತದೆ. ನಮ್ಮ ಮುಖದ ಮೇಲಿನ ಮೇಣಕ್ಕೂ ಸಾಬೂನಿಗೆ ಇರುವ ಸಂಬಂಧ ಅದೇ. ಇದು ಹುಳುವಿನ ಮೇಣ, ಇದು ಯಜಮಾನರ ಮೇಣ ಎಂಬ ಭೇದ ಅದಕ್ಕೆ ತಿಳಿಯದು.

ಎರಡನೆಯ ತೊಂದರೆ ರಸಸಾರದ್ದು. ತಮ್ಮ ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರ ಎಂಬ ಅಂಕಿ ಇರುವುದನ್ನು ನೋಡಿದ್ದೀರಿ. 7 ಎಂದರೆ ಸಮ. ಅದಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ಮಣ್ಣಿನ ರಸಸಾರ 8.5 ದಾಟಿ ಸೋಡಿಯಂ ಸೇರಿಕೊಂಡರೆ ಚೌಳು ಎನ್ನುತ್ತೇವೆ. ಅಲ್ಲಿ ಮಣ್ಣಿನ ಕಟ್ಟೇ ಕಳಚಿ ಬೆಳೆ ಸೊರಗುತ್ತದೆ. ಹಾಗೆಯೇ ಚರ್ಮಕ್ಕೂ ಒಂದು ರಸಸಾರವುಂಟು. ಆರೋಗ್ಯವಂತರ ಮುಖದಲ್ಲಿ ಅದು ಸುಮಾರು 5, ಅಂದರೆ ತುಸು ಹುಳಿ. ಶಾಡೆ ಮತ್ತು ಮಾರ್ಕಿಯೊನಿನಿ ಎಂಬ ಇಬ್ಬರು ಜರ್ಮನ್ ವಿಜ್ಞಾನಿಗಳು 1928ರಲ್ಲಿಯೇ ಇದಕ್ಕೆ ಆಮ್ಲದ ಹೊದಿಕೆ ಎಂದು ಹೆಸರಿಟ್ಟರು. ಮೇಲೆ ಹೇಳಿದ ಗಾರೆಯನ್ನು ತಯಾರು ಮಾಡುವ ಕಿಣ್ವಗಳು ಈ ಹುಳಿಯಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತವೆ. ಕ್ಷಾರ ಏರಿತೆಂದರೆ ಗಾರೆ ಮಾಡುವ ಕೆಲಸ ನಿಧಾನ. ಇಟ್ಟಿಗೆ ಕಳಚುವ ಕಿಣ್ವಗಳು ಚುರುಕು. ಮುಖದಲ್ಲಿ ಸಿಪ್ಪೆ ಏಳುವುದರ ಒಂದು ಗುಟ್ಟು ಇದು.

ಸಾಬೂನಿನ ರಸಸಾರ ಎಷ್ಟು? ಮಣ್ಣು ಪರೀಕ್ಷೆಯ ಪೆಟ್ಟಿಗೆಯಲ್ಲಿ ಬಣ್ಣ ಬದಲಾಗುವ ಕಾಗದದ ಪಟ್ಟಿಗಳಿವೆಯಷ್ಟೆ. ಒಂದು ಭಾನುವಾರ ಮನೆಯ ಜಗಲಿಯ ಮೇಲೆ ಕೂತು, ಸಿಕ್ಕಿದ್ದನ್ನೆಲ್ಲ ನೀರಿನಲ್ಲಿ ಕದಡಿ ಆ ಪಟ್ಟಿಯನ್ನು ಅದ್ದಿ ನೋಡಿದೆ. ಸ್ನಾನದ ಸಾಬೂನುಗಳು, ಗಂಧದ್ದಿರಲಿ, ಬೇವಿನದಿರಲಿ, ಮಗುವಿನ ಚಿತ್ರವಿರುವುದಿರಲಿ, ಎಲ್ಲವೂ 9ರಿಂದ 10ರ ಬಣ್ಣ ಕೊಟ್ಟವು. ಬಟ್ಟೆಯ ಬಾರು 10ನ್ನೂ ದಾಟಿತು. ಅದರಲ್ಲಿ ಒಗೆಯುವ ಸೋಡ ಸೇರಿರುತ್ತದೆ. ಒಲೆಯ ಬೂದಿಯ ನೀರೂ ಅದರ ಪಕ್ಕದ್ದೇ. ಕಡಲೆ ಹಿಟ್ಟಿನ ನೀರು 7ಕ್ಕೆ ಸ್ವಲ್ಪ ಕೆಳಗೆ. ನಿಂಬೆ ರಸ ಮಾತ್ರ 2ರ ಬಳಿ ಇಳಿಯಿತು. ಇಲ್ಲೊಂದು ಲೆಕ್ಕವನ್ನು ಮರೆಯಬೇಡಿ: ರಸಸಾರದಲ್ಲಿ ಒಂದು ಅಂಕಿಯ ವ್ಯತ್ಯಾಸವೆಂದರೆ ಹತ್ತು ಪಟ್ಟು. 5ರ ಚರ್ಮಕ್ಕೂ 10ರ ಸಾಬೂನಿಗೂ ಇರುವ ಅಂತರ ಐದು ಪಟ್ಟಲ್ಲ, ಒಂದು ಲಕ್ಷ ಪಟ್ಟು.

ಗಟ್ಟಿಮುಟ್ಟು ಚರ್ಮದವರಿಗೆ ಇದರಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ. ಕೆಲವು ಗಂಟೆಗಳಲ್ಲಿ ಚರ್ಮ ತನ್ನ ಹುಳಿಯನ್ನು ತಾನೇ ಮರಳಿ ಪಡೆಯುತ್ತದೆ. ಆದಕಾರಣ ಮನೆಯವರೆಲ್ಲ ಸಾಬೂನು ಬಿಡಿರೆಂದು ನಾನು ಹೇಳುತ್ತಿಲ್ಲ. ಉರಿಯ ಚರ್ಮದವರಿಗೆ ಮಾತ್ರ ಆ ಮರಳಿಕೆ ತಡವಾಗುತ್ತದೆ, ಅಷ್ಟರೊಳಗೆ ಸಂಜೆಯ ತೊಳೆತ ಬಂದುಬಿಡುತ್ತದೆ.

ನಮ್ಮ ಬಯಲುಸೀಮೆಯಲ್ಲಿ ಕೊಳವೆಬಾವಿಯ ಗಡಸು ನೀರಿನದು ಇನ್ನೊಂದು ಕಾಟ. ಹಂಡೆಯ ಒಳಗೆ ಬಿಳಿಯ ಹಕ್ಕಳೆ ಕಟ್ಟುವುದು, ಬೇಳೆ ಬೇಯದಿರುವುದು, ಸಾಬೂನು ಎಷ್ಟು ಉಜ್ಜಿದರೂ ನೊರೆ ಬರದಿರುವುದು ಗಡಸುತನದ ಗುರುತು. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಮಿನೊಳಗೆ ಇದ್ದರೆ ಒಳಿತು, ಬೇರೆ ನೀರಿಲ್ಲದಿದ್ದರೆ 600ರವರೆಗೆ ಆಗಬಹುದು ಎಂದು ಭಾರತೀಯ ಮಾನಕ ಸಂಸ್ಥೆಯ ನಿಯಮ. ಈ ನೀರಿನ ಸುಣ್ಣದಂಶವೂ ಸಾಬೂನೂ ಸೇರಿ ನೀರಿನಲ್ಲಿ ಕರಗದ ಒಂದು ಗಸಿಯಾಗುತ್ತದೆ. ಬಕೆಟ್ಟಿನ ಅಂಚಿಗೆ ಅಂಟುವ ಬೂದುಬಣ್ಣದ ಗಸಿ ಅದೇ. ಅದು ಬಕೆಟ್ಟಿಗೆ ಮಾತ್ರ ಅಂಟಿ ಮುಖವನ್ನು ಬಿಡುತ್ತದೆಯೇ? ಮುಖದ ಮೇಲೂ ತೆಳುವಾಗಿ ಕೂತು ಕ್ಷಾರದ ಕಾಟವನ್ನು ಮುಂದುವರಿಸುತ್ತದೆ. ಗಡಸು ನೀರಿನವರು ಮುಖಕ್ಕೆ ಮಾತ್ರವಾದರೂ ಕೊಡದಲ್ಲಿ ಹಿಡಿದಿಟ್ಟ ಮಳೆ ನೀರನ್ನೋ, ಊರಿನ ಶುದ್ಧ ನೀರಿನ ಘಟಕದ ಒಂದು ಚೊಂಬು ನೀರನ್ನೋ ಬಳಸಿದರೆ ವ್ಯತ್ಯಾಸ ಕಾಣಬಹುದು.

ಹಾಗಾದರೆ ಯಾವುದರಿಂದ ತೊಳೆಯಬೇಕು? ಸಾಬೂನಲ್ಲದ ಸಾಬೂನು ಎಂದು ಒಂದುಂಟು. ಅಂಗಡಿಯವರು ಇದನ್ನು ಸಿಂಡೆಟ್ ಬಾರು, ಸೋಪ್‌ಫ್ರೀ ಬಾರು, ಕ್ಲೆನ್ಸಿಂಗ್ ಲೋಷನ್ ಮುಂತಾಗಿ ಕರೆಯುತ್ತಾರೆ. 1914-18ರ ಮಹಾಯುದ್ಧದಲ್ಲಿ ಜರ್ಮನಿಗೆ ಸಾಬೂನು ಮಾಡಲು ಕೊಬ್ಬು ಸಿಗದಾಯಿತು. ಆಗ ಅಲ್ಲಿನ ರಸಾಯನಜ್ಞರು ಬೇರೆ ದಾರಿಯಿಂದ ಜಿಡ್ಡು ತೆಗೆಯುವ ವಸ್ತುಗಳನ್ನು ಮಾಡತೊಡಗಿದರು. ಅವುಗಳ ಸಂತತಿಯಲ್ಲಿ ಬಿರುಸಿನವೂ ಇವೆ, ಮೆದುವೂ ಇವೆ. ಬಟ್ಟೆಯ ಪುಡಿ ಬಿರುಸಿನ ಮಗ. ತೆಂಗಿನೆಣ್ಣೆಯ ಅಂಶದಿಂದ ಮಾಡುವ ಸೋಡಿಯಂ ಕೊಕೊಯಿಲ್ ಐಸೆಥಯೊನೇಟ್ ಮೆದು ಸ್ವಭಾವದ್ದು. ಇದನ್ನು ಆಧಾರವಾಗಿಟ್ಟುಕೊಂಡು 1957ರಲ್ಲಿ ಅಮೇರಿಕದಲ್ಲಿ ಡವ್ ಎಂಬ ಬಿಲ್ಲೆ ಬಂತು. ಈಗ ಇಂಥವು ಹಲವು ಹೆಸರಿನಲ್ಲಿ ತಾಲ್ಲೂಕು ಕೇಂದ್ರದ ಔಷಧದ ಅಂಗಡಿಗಳಲ್ಲಿ ಸಿಗುತ್ತವೆ. ಇವುಗಳ ರಸಸಾರವನ್ನು 5.5ರಿಂದ 7ರೊಳಗೆ ಇಡಬಹುದು, ಮತ್ತು ಗಡಸು ನೀರಿನಲ್ಲಿ ಇವು ಗಸಿ ಕಟ್ಟುವುದಿಲ್ಲ.

ಕೊಳ್ಳುವಾಗ ಮುಂಭಾಗದ ಚಿತ್ರ ನೋಡಬೇಡಿ, ಹಿಂಭಾಗದ ಸಣ್ಣ ಅಕ್ಷರ ನೋಡಿ; ಓದು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಮೇಲೆ ಹೇಳಿದ ಐಸೆಥಯೊನೇಟ್, ಡೆಸಿಲ್ ಗ್ಲುಕೊಸೈಡ್, ಗ್ಲಿಸರಿನ್ ಎಂಬ ಹೆಸರುಗಳು ಪಟ್ಟಿಯ ಮೊದಲ ಭಾಗದಲ್ಲಿದ್ದರೆ ಒಳ್ಳೆಯದು. ಸೋಡಿಯಂ ಲಾರಿಲ್ ಸಲ್ಫೇಟ್ ಎಂದಿದ್ದರೆ ಉರಿಯ ಮುಖದವರು ಬಿಡುವುದು ಲೇಸು. ಚರ್ಮ ಎಷ್ಟು ಬೇಗ ಕೆರಳುತ್ತದೆಂದು ಪರೀಕ್ಷಿಸಬೇಕಾದಾಗ ವಿಜ್ಞಾನಿಗಳು ಬೇಕೆಂದೇ ಹಚ್ಚುವ ವಸ್ತು ಅದು. ಪರ್ಫ್ಯೂಮ್, ಫ್ರೇಗ್ರೆನ್ಸ್, ಮೆಂಥಾಲ್, ಒರಟು ಹರಳಿನ ಸ್ಕ್ರಬ್ ಇವೂ ಬೇಡ. ತಣ್ಣಗೆ ಚುರ್ ಎಂದರೆ ಕೊಳೆ ಹೋಯಿತೆಂದು ತಿಳಿಯುವುದು ಭ್ರಾಂತಿ. ನೊರೆ ಹೆಚ್ಚಿದ್ದಷ್ಟೂ ಶುಚಿ ಎಂಬುದೂ ಹಾಗೆಯೇ. ಒಳ್ಳೆಯ ಲೋಷನ್ನುಗಳಲ್ಲಿ ಕೆಲವು ನೊರೆಯನ್ನೇ ಕೊಡುವುದಿಲ್ಲ. ಸಾಬೂನಿನ ಕಾಗದದ ಮೇಲೆ ಟಿ.ಎಫ್.ಎಂ. ಶೇಕಡ 76 ಎಂದೆಲ್ಲ ಅಚ್ಚಾಗಿರುತ್ತದೆ. ಅದು ಕೊಬ್ಬಿನಂಶದ ಲೆಕ್ಕ. 76 ಮತ್ತು ಮೇಲ್ಪಟ್ಟದ್ದು ಒಂದನೇ ದರ್ಜೆಯ ಸಾಬೂನು ನಿಜ. ಆದರೆ ಒಂದನೇ ದರ್ಜೆಯದಾದರೂ ಅದು ಸಾಬೂನೇ, ಅದರ ಕ್ಷಾರ ಕಡಿಮೆಯಾಗದು.

ಬೆಲೆಯ ಮಾತು ಬರುತ್ತದೆ. ಈ ಬಾರುಗಳು ಸಾಧಾರಣ ಸಾಬೂನಿನ ಹಲವು ಪಟ್ಟು ದುಬಾರಿ. ಇದನ್ನು ಮುಚ್ಚಿಡುವುದಿಲ್ಲ. ಆದರೆ ಮನೆಯಲ್ಲಿ ಯಾರ ಮುಖ ಉರಿಯುತ್ತದೋ ಅವರಿಗೆ ಮಾತ್ರ, ಮುಖಕ್ಕೆ ಮಾತ್ರ, ಒಣಗುವ ಡಬ್ಬಿಯಲ್ಲಿಟ್ಟು ಬಳಸಿದರೆ ಒಂದು ಬಾರು ನನಗೆ ಎರಡು ತಿಂಗಳಿಗೂ ಮೀರಿ ಬಂತು.

ನನ್ನ ಕಥೆಯನ್ನು ಹೇಳಿಬಿಡುತ್ತೇನೆ. ತೊಗರಿ ಒಕ್ಕಣೆಯ ಕಾಲದಲ್ಲಿ ನನ್ನ ಕೆನ್ನೆ ಉರಿಯಲು ತೊಡಗಿತು. ಧೂಳು ಕೂತಿದೆಯೆಂದು ಬಟ್ಟೆಯ ಬಾರಿನಿಂದ ದಿನಕ್ಕೆ ನಾಲ್ಕು ಸಲ ತೊಳೆದೆ. ಉರಿ ಹೆಚ್ಚಿತು. ಒಂದು ಅಂಗಡಿಯಲ್ಲಿ ಕೇಳಿದ್ದಕ್ಕೆ ಒಂದು ಮುಲಾಮು ಕೊಟ್ಟರು. ಎರಡೇ ದಿನದಲ್ಲಿ ಮುಖ ಹೊಳೆಯಿತು. ನನಗೆ ಬಹಳ ಸಂತೋಷವಾಯಿತು. ಬಿಟ್ಟ ವಾರದಲ್ಲಿ ಮೊದಲಿಗಿಂತ ಎರಡರಷ್ಟು ಕೆಂಪು, ಮತ್ತೆ ಹಚ್ಚಿದೆ. ಹೀಗೆ ಮೂರು ತಿಂಗಳು. ಕೊನೆಗೆ ಚರ್ಮದ ವೈದ್ಯರ ಬಳಿ ಹೋದಾಗ ಅದು ಸ್ಟಿರಾಯ್ಡ್ ಮುಲಾಮು, ಮುಖದ ಚರ್ಮವನ್ನು ಇನ್ನೂ ತೆಳುವಾಗಿಸುವಂಥದು ಎಂದು ತಿಳಿಯಿತು. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿಗೊಳಿಸಿದೆ. ಆದರೂ ಬಿಳುಪು ಮಾಡುವ ಮುಲಾಮು ಎಂಬ ಹೆಸರಿನಲ್ಲಿ ಕೈಯಿಂದ ಕೈಗೆ ದಾಟುತ್ತಿವೆ. ಬೆಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಎಂದು ಟ್ಯೂಬಿನ ಮೇಲಿದ್ದರೆ ಅದು ಈ ಜಾತಿಯದು. ಈಗಾಗಲೇ ಬಹುದಿನ ಹಚ್ಚುತ್ತಿರುವವರು ತಾವಾಗಿಯೇ ತಟ್ಟನೆ ಬಿಡದೆ ವೈದ್ಯರನ್ನು ಕಂಡು ಬಿಡುವ ಕ್ರಮ ಕೇಳಬೇಕು.

ವೈದ್ಯರು ಸಿಂಡೆಟ್ ಬಾರು ಬರೆದುಕೊಟ್ಟರು. ನನಗೋ ಪ್ರಾತ್ಯಕ್ಷಿಕೆ ಇಲ್ಲದೆ ನಂಬಿ ಅಭ್ಯಾಸವಿಲ್ಲ. ಮುಲಾಮಿನ ಉಪದ್ರವ ತೀರಿದ ಬಳಿಕ ಮೂಗನ್ನೇ ಬದುವನ್ನಾಗಿಟ್ಟುಕೊಂಡು, ಎಡಗೆನ್ನೆಗೆ ಸ್ನಾನದ ಸಾಬೂನು, ಬಲಗೆನ್ನೆಗೆ ಹೊಸ ಬಾರು ಎಂದು ಮೂರು ವಾರ ತೊಳೆದೆ. ಮನೆಯವರು ನಕ್ಕರು. ಒಂದು ವಾರಕ್ಕೆ ಬಲಗಡೆಯ ಬಿಗಿತ ನಿಂತಿತು. ಎಡಗಡೆ ಬಿಸಿಲಿಗೆ ಹೋದಾಗಲೆಲ್ಲ ಚುರುಗುಟ್ಟುತ್ತಲೇ ಇತ್ತು. ಒಂದೇ ತಾಕಿನ ಪ್ರಯೋಗದಿಂದ ಶಿಫಾರಸು ಮಾಡಕೂಡದೆಂದು ನಮಗೆ ಕಲಿಸಿದ್ದಾರೆ, ಆದ್ದರಿಂದ ಇದನ್ನು ಸಾಕ್ಷಿಯೆಂದು ಅಲ್ಲ, ನಡೆದ ಸಂಗತಿಯೆಂದು ತಿಳಿಸಿದ್ದೇನೆ. ಮೇಲಿನ ಚರ್ಮ ಪೂರ್ತಿ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು. ಎರಡು ದಿನ ತೊಳೆದು ಗುಣವಿಲ್ಲವೆಂದು ಬಿಸಾಡಬೇಡಿ. ಹೊಸದನ್ನು ತಂದಾಗ ಮೊದಲು ಕಿವಿಯ ಹಿಂದೆಯೋ ಮೊಳಕೈಯ ಒಳಗಡೆಯೋ ನಾಲ್ಕೈದು ದಿನ ಹಚ್ಚಿ ತೊಳೆದು ನೋಡಿ. ಅಲ್ಲಿ ನವೆ ಬಾರದಿದ್ದರೆ ಮುಖಕ್ಕೆ ತನ್ನಿ.

ತೊಳೆಯುವ ರೀತಿಯೂ ಮುಖ್ಯ. ಮೊದಲು ಕೈ ತೊಳೆಯಬೇಕು. ಮೆಣಸಿನಕಾಯಿ ಬಿಡಿಸಿದ ಕೈಯಿಂದ ಮುಖ ಮುಟ್ಟಿದವರಿಗೆ ಇದನ್ನು ಹೇಳಬೇಕಾಗಿಲ್ಲ. ನೀರು ಉಗುರುಬೆಚ್ಚಗೆ ಅಥವಾ ತಣ್ಣಗೆ ಇರಲಿ, ಹಂಡೆಯ ಸುಡುನೀರು ಬೇಡ. ಬೆರಳ ತುದಿಯಿಂದ ಅರ್ಧ ನಿಮಿಷ ಸವರಿ ಸಾಕಷ್ಟು ನೀರಿನಿಂದ ತೊಳೆದು, ಹಳೆಯ ಮೆತ್ತನೆಯ ಪಂಚೆಯ ತುಂಡಿನಿಂದ ಒತ್ತಿ ಒರೆಸಿ. ತೆಂಗಿನ ನಾರು, ಹೀರೆಕಾಯಿಯ ಜಾಲ, ಇಟ್ಟಿಗೆಯ ಚೂರು ಮುಖದ ಬಳಿ ಸುಳಿಯಕೂಡದು. ದಿನಕ್ಕೆ ಎರಡು ಸಲ ಸಾಕು. ನಡುವೆ ಬೆವರು ಬಂದರೆ ಬರೀ ನೀರು. ಮುಖ ಇನ್ನೂ ತೇವವಿರುವಾಗಲೇ ತೆಳುವಾಗಿ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಸವರಿದರೆ ಒಳಗಿನ ನೀರು ನಿಲ್ಲುತ್ತದೆ. ಸೂರ್ಯಕಾಂತಿ ಎಣ್ಣೆಯೂ ಚರ್ಮದ ಗೋಡೆಗೆ ಹಿತವಾದದ್ದು. ಸಾಸಿವೆ ಎಣ್ಣೆ ಅದಕ್ಕೆ ವಿರುದ್ಧ. ಮೊಡವೆಯ ಹರೆಯದವರು ಕೊಬ್ಬರಿ ಎಣ್ಣೆ ಬಿಟ್ಟು ವ್ಯಾಸಲೀನಿಗೇ ನಿಲ್ಲುವುದು ಉತ್ತಮ.

ಹಿತ್ತಲಲ್ಲಿ ಸಿಗುವುದರ ವಿಷಯ ಹಲವರು ಕೇಳುತ್ತಾರೆ. ಕಡಲೆ ಹಿಟ್ಟು ಕ್ಷಾರವಲ್ಲ, ಜಿಡ್ಡನ್ನು ಹೀರುತ್ತದೆ; ನುಣ್ಣಗೆ ಜರಡಿ ಹಿಡಿದು, ತೆಳುವಾಗಿ ಕಲಸಿ, ತಿಕ್ಕದೆ ತೊಳೆಯುವುದಾದರೆ ಅನೇಕರಿಗೆ ಹಿಡಿಸುತ್ತದೆ. ಒಣಗಲು ಬಿಟ್ಟು ಉಜ್ಜಿ ಕೀಳುವ ಪದ್ಧತಿಯೇ ಕೆಡುಕು. ಸೀಗೆ, ಅಂಟುವಾಳ ತಲೆಗೆ ಸರಿ. ಮುಖಕ್ಕೆ ತಂದರೆ ಕಣ್ಣು ಕೆಂಪಾಗುತ್ತದೆ. ನಿಂಬೆ ಹಣ್ಣನ್ನು ಮಾತ್ರ ಖಂಡಿತ ಹಚ್ಚಬಾರದು. ಅದರ ಹುಳಿ ಒಂದು ಕಾಟವಾದರೆ, ಸಿಪ್ಪೆಯ ರಸ ಹತ್ತಿದ ಜಾಗಕ್ಕೆ ಬಿಸಿಲು ಬಿದ್ದರೆ ಸುಟ್ಟ ಗಾಯದಂತೆ ಬೊಬ್ಬೆ ಎದ್ದು ಕಪ್ಪು ಕಲೆ ತಿಂಗಳುಗಟ್ಟಲೆ ನಿಲ್ಲುವುದುಂಟು. ಅಡಿಗೆ ಸೋಡ, ಒಗೆಯುವ ಸೋಡ ಯಾವುದೂ ಬೇಡ.

ಒಂದು ಸಂದರ್ಭದಲ್ಲಿ ಮಾತ್ರ ಮೇಲಿನ ಮಾತುಗಳನ್ನೆಲ್ಲ ಬದಿಗಿಡತಕ್ಕದ್ದು. ಕೀಟನಾಶಕ ಸಿಂಪಡಿಸುವಾಗ ಮುಖಕ್ಕೆ ಸಿಡಿದರೆ, ಸೌಮ್ಯವಾದ ಬಾರು ಮನೆಯಲ್ಲಿದೆ, ಸಂಜೆ ತೊಳೆಯೋಣ ಎಂದು ಕಾಯುವಂತಿಲ್ಲ. ಕೈಗೆ ಸಿಕ್ಕಿದ ಸ್ನಾನದ ಸಾಬೂನು, ಧಾರಾಳವಾದ ನೀರು, ಆ ಕ್ಷಣವೇ. ಕಣ್ಣಿಗೆ ಬಿದ್ದಿದ್ದರೆ ಸಾಬೂನಿಲ್ಲದೆ ಶುದ್ಧ ನೀರನ್ನು 15 ನಿಮಿಷ ಬಿಡದೆ ಹಾಯಿಸಿ, ಔಷಧದ ಡಬ್ಬಿಯೊಡನೆ ಆಸ್ಪತ್ರೆಗೆ ಹೋಗಬೇಕು. ಚರ್ಮದ ಗೋಡೆ ಸಡಿಲವಾದವರಿಗೆ ವಿಷ ಬೇಗ ಇಳಿಯುವುದರಿಂದ, ಮುಖ ಸಿಪ್ಪೆ ಎದ್ದಿರುವ ದಿನಗಳಲ್ಲಿ ಸಿಂಪರಣೆಯ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು.

ಬಾರು ಬದಲಿಸಿ ಒಂದು ತಿಂಗಳಾದರೂ ಉರಿ ನಿಲ್ಲದಿದ್ದರೆ ಕಾರಣ ಬೇರೆ ಇದ್ದೀತು. ನಮ್ಮ ಕಡೆ ಮೊದಲು ಸಂಶಯಪಡಬೇಕಾದದ್ದು ಪಾರ್ಥೇನಿಯಂ ಗಿಡ, ಜನರ ಮಾತಿನಲ್ಲಿ ಕಾಂಗ್ರೆಸ್ ಗಿಡ. 1950ರ ದಶಕದಲ್ಲಿ ಪುಣೆಯ ಬಳಿ ಮೊದಲು ಕಣ್ಣಿಗೆ ಬಿದ್ದ ಈ ಕಳೆ ಈಗ ನಮ್ಮ ಬದುಗಳನ್ನೆಲ್ಲ ಆಕ್ರಮಿಸಿದೆ. ಇದನ್ನು ತಿನ್ನಲೆಂದು 1984ರಲ್ಲಿ ಮೆಕ್ಸಿಕೋದಿಂದ ತಂದ ದುಂಬಿಯನ್ನು ಬೆಂಗಳೂರಿನಲ್ಲಿ ಬಿಡಲಾಯಿತು. ದುಂಬಿ ತಿನ್ನುತ್ತಿದೆ, ಗಿಡ ಬೆಳೆಯುತ್ತಿದೆ. ಇದರಲ್ಲಿರುವ ಪಾರ್ಥೇನಿನ್ ಎಂಬ ವಸ್ತು ಒಣಗಿದ ಗಿಡದ ಪುಡಿಯೊಡನೆ ಗಾಳಿಯಲ್ಲಿ ಹಾರಿ ಮುಖಕ್ಕೆ ಬಂದು ಕೂರುತ್ತದೆ. ಕಣ್ಣಿನ ರೆಪ್ಪೆ, ಕತ್ತು, ಮೊಳಕೈಯ ಮಡಿಕೆ ಈ ಮೂರೂ ಕಡೆ ನವೆ, ದಪ್ಪನೆಯ ಕಪ್ಪು ಚರ್ಮ ಕಂಡರೆ ಇದೇ ಇರಬಹುದು. ಇದಕ್ಕೆ ಯಾವ ಬಾರೂ ಔಷಧವಲ್ಲ. ಹೊಲದಿಂದ ಬಂದೊಡನೆ ಮೆದುವಾದ ಬಾರಿನಿಂದ ಮುಖ ಕತ್ತು ತೊಳೆದು ಆ ಪುಡಿಯನ್ನು ಕಳೆಯುವುದು, ಬಟ್ಟೆ ಬದಲಿಸುವುದು ಸಹಾಯಕ ಮಾತ್ರ. ಚಿಕಿತ್ಸೆಗೆ ಚರ್ಮದ ವೈದ್ಯರಲ್ಲಿಗೆ ಹೋಗಲೇಬೇಕು. ಕೂಲಿ ಬಿಟ್ಟಿದ್ದ ಆ ತಾಯಿಯದು ಇದೇ ಎಂದು ಜಿಲ್ಲಾ ಆಸ್ಪತ್ರೆಯಲ್ಲಿ ಗೊತ್ತಾಯಿತು. ಈಗ ಅವರು ಮುಖಕ್ಕೆ ತೆಳು ಬಟ್ಟೆ ಸುತ್ತಿಕೊಂಡು, ಈ ಗಿಡವಿಲ್ಲದ ಹೊಲಗಳಿಗೆ ಮಾತ್ರ ಕೂಲಿಗೆ ಹೋಗುತ್ತಾರೆ. ಅವರ ಓಣಿಯವರು ಈ ಮುಂಗಾರಿಗೆ ಗಿಡ ಹೂ ಬಿಡುವ ಮೊದಲೇ, ಕೈಗೆ ಚೀಲ ಕಟ್ಟಿಕೊಂಡು, ರಸ್ತೆಯ ಎರಡೂ ಬದಿಯ ಗಿಡಗಳನ್ನು ಬುಡಸಹಿತ ಕಿತ್ತು ಗುಂಡಿಗೆ ಹಾಕಿದರು.

ಬಣ್ಣದ ಕಾಗದದ ಪಟ್ಟಿಗಳು ನನ್ನ ಚೀಲದಲ್ಲಿ ಇನ್ನೂ ಉಳಿದಿವೆ. ಮುಂದಿನ ಸಲ ಮಣ್ಣಿನ ಮಾದರಿ ತರುವವರು, ತಮ್ಮ ಮನೆಯ ಮುಖದ ಸಾಬೂನಿನ ಒಂದು ಚೂರನ್ನೂ ಬೇರೆ ಕಾಗದದಲ್ಲಿ ಸುತ್ತಿ ತನ್ನಿ. ದಯವಿಟ್ಟು ಮಣ್ಣಿನ ಚೀಲದೊಳಗೆ ಹಾಕಬೇಡಿ.